ಮಾರ್ಷಿಯನ್ ಲಾಗ್: ಸೊನ್ನೆ ಹಾಕಿದರೂ ಯಾಕೆ ನಿಲ್ಲುತ್ತಿಲ್ಲ?

ಲಿನಕ್ಸ್ ಸರ್ವರ್‌ನಲ್ಲಿ ನೆಟ್‌ವರ್ಕ್ ಲಾಗ್ ಆನ್-ಆಫ್ ಮಾಡಲು ರೀಬೂಟ್ ಬೇಕಿಲ್ಲ. ತಾನು ಬಂದ ದಾರಿಯಿಂದ ಬರಬಾರದ ವಿಳಾಸ ಹೊತ್ತು ಬಂದ ಪ್ಯಾಕೆಟ್‌ಗೆ ಕರ್ನಲ್ (ಲಿನಕ್ಸ್‌ನ ತಿರುಳು) ಇಟ್ಟಿರುವ ಹೆಸರು ‘ಮಾರ್ಷಿಯನ್’. ಅದನ್ನು ಲಾಗ್ ಮಾಡಿಸಲು, ಕರ್ನಲ್ ಸೆಟ್ಟಿಂಗ್ ಬದಲಿಸುವ ಸಿಸ್‌ಸಿಟಿಎಲ್ ಆಜ್ಞೆ ಇಷ್ಟು ಸಾಕು:

ಸುಡೋ ಸಿಸ್‌ಸಿಟಿಎಲ್ ನೆಟ್.ಐಪಿವಿ4.ಕಾನ್ಫ್.ಆಲ್.ಲಾಗ್_ಮಾರ್ಷಿಯನ್ಸ್=1

ಮರುಕ್ಷಣವೇ ಜಾರಿ. ಪೇಚಾಟವೆಲ್ಲ ಆಫ್ ಮಾಡುವಾಗ. ‘ಆಲ್’ನಲ್ಲಿ 0 ಹಾಕಿದರೂ ಡಿಮೆಸೇಜ್ (ಕರ್ನಲ್ ಸಂದೇಶಗಳ ಪಟ್ಟಿ) ತುಂಬುತ್ತಲೇ ಇರುತ್ತದೆ. ಕಾರಣ, ‘ಆಲ್’ ಮತ್ತು ಪ್ಯಾಕೆಟ್ ಬಂದ ಇಂಟರ್ಫೇಸ್ (ಈತ್0ನಂಥ ನೆಟ್‌ವರ್ಕ್ ಸಂಪರ್ಕ), ಇವೆರಡರಲ್ಲಿ ಒಂದು 1 ಇದ್ದರೂ ಲಾಗ್ ಬರುತ್ತದೆ. ಭದ್ರತೆ ಬಿಗಿ ಮಾಡುವ ಹಾರ್ಡನಿಂಗ್ ಸ್ಕ್ರಿಪ್ಟ್‌ಗಳು ‘ಡೀಫಾಲ್ಟ್’ಗೂ 1 ಬರೆದಿರುತ್ತವೆ, ಆಮೇಲೆ ಹುಟ್ಟಿದ ಇಂಟರ್ಫೇಸ್‌ಗಳೆಲ್ಲ ಆ 1 ಹೊತ್ತೇ ಬರುತ್ತವೆ. ಹಾಗಾಗಿ ಇಂಟರ್ಫೇಸ್ ಹೆಸರು ಹಿಡಿದೂ 0 ಮಾಡಬೇಕು. ಪಕ್ಕದ ಆರ್‌ಪಿ_ಫಿಲ್ಟರ್‌ಗೆ (ಪ್ಯಾಕೆಟ್ ಸರಿಯಾದ ದಾರಿಯಿಂದ ಬಂತೇ ಎಂದು ನೋಡುವ ಸೆಟ್ಟಿಂಗ್) ಈ ಲೆಕ್ಕ ಇಲ್ಲ, ಅಲ್ಲಿ ಎರಡರಲ್ಲಿ ದೊಡ್ಡ ಸಂಖ್ಯೆ ಗೆಲ್ಲುತ್ತದೆ. ಎರಡಕ್ಕೂ ಒಂದೇ ನಿಯಮ ಇಟ್ಟಿದ್ದರೆ ಎಷ್ಟೋ ತಲೆನೋವು ತಪ್ಪುತ್ತಿತ್ತು.

ವಿಲ್ಯಾನ್ (ಒಂದೇ ಕಾರ್ಡಿನ ಮೇಲೆ ಬೇರ್ಪಡಿಸಿದ ವರ್ಚುವಲ್ ನೆಟ್‌ವರ್ಕ್) ಇಂಟರ್ಫೇಸ್ ಆದರೆ ಇನ್ನೊಂದು ತೊಡಕು. ಈತ್0.100 ಎಂಬ ಹೆಸರಿನೊಳಗಿನ ಚುಕ್ಕಿಯನ್ನು ಸಿಸ್‌ಸಿಟಿಎಲ್ ಫೋಲ್ಡರ್ ಗೆರೆ ಎಂದು ತಿಳಿಯುತ್ತದೆ. ಪೂರ್ತಿ ಕೀಲಿಯನ್ನು ಸ್ಲ್ಯಾಶ್‌ನಲ್ಲೇ ಬರೆಯಿರಿ: ನೆಟ್/ಐಪಿವಿ4/ಕಾನ್ಫ್/ಈತ್0.100/ಲಾಗ್_ಮಾರ್ಷಿಯನ್ಸ್=0.

ಆಫ್ ಮಾಡುವ ಮುನ್ನ ಲಾಗ್ ಸಾಲನ್ನೊಮ್ಮೆ ಸರಿಯಾಗಿ ಓದಿ. ‘ಮಾರ್ಷಿಯನ್ ಸೋರ್ಸ್ 10.0.0.5 ಫ್ರಮ್ 192.168.1.10’ ಎಂದಿದ್ದರೆ ಕಳಿಸಿದ್ದು 192.168.1.10, ‘ಸೋರ್ಸ್’ ಪದದ ಪಕ್ಕ ಇರುವುದು ತಲುಪಬೇಕಿದ್ದ ವಿಳಾಸ. ಇಲ್ಲಿ ಎಡವದವರು ಕಡಿಮೆ. ಅದರ ಕೆಳಗಿನ ಸಾಲು ಇನ್ನೂ ಉಪಯೋಗದ್ದು:

ಎಲ್‌ಎಲ್ ಹೆಡರ್: 52 54 00 10 20 30 52 54 00 12 34 56 08 00

ಮೊದಲ 6 ಬೈಟ್ ಪಡೆಯುವ ಕಡೆಯ ಮ್ಯಾಕ್ (ಕಾರ್ಡಿನ ಹಾರ್ಡ್‌ವೇರ್ ವಿಳಾಸ), ನಂತರದ 6 ಕಳಿಸಿದ ಕಡೆಯದ್ದು, ಕೊನೆಯ 08 00 ಅಂದರೆ ಐಪಿವಿ4. ಐಪಿ ಸುಳ್ಳಾಗಿದ್ದರೂ ಈ ಮ್ಯಾಕ್ ಹಿಡಿದು ಸ್ವಿಚ್‌ನಲ್ಲಿ ಪೋರ್ಟ್ ಹುಡುಕಬಹುದು. 52 54 00 ಎಂದು ಶುರುವಾದರೆ ಬಹುತೇಕ ಯಾವುದೋ ಕೆವಿಎಂ ವರ್ಚುವಲ್ ಮಷೀನ್. ಒಂದೇ ಸಬ್‌ನೆಟ್‌ಗೆ ಎರಡು ಕಾರ್ಡ್ ಸಿಕ್ಕಿಸಿರುವುದು, ಅಥವಾ ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು ಇದ್ದು ಆರ್‌ಪಿ_ಫಿಲ್ಟರ್ 1ರಲ್ಲಿ (ಕಟ್ಟುನಿಟ್ಟು) ಇರುವುದು, ಮಾರ್ಷಿಯನ್ ಸಾಲು ಬರಲು ಇವೇ ಮಾಮೂಲಿ ಕಾರಣ. ಎರಡನೆಯದಕ್ಕೆ ಆರ್‌ಪಿ_ಫಿಲ್ಟರ್ 2 (ಸಡಿಲ) ಮಾಡಿ. ಲಾಗ್ ಮಾತ್ರ ಆಫ್ ಮಾಡಿದರೆ ಪ್ಯಾಕೆಟ್ ಸದ್ದಿಲ್ಲದೆ ಡ್ರಾಪ್ ಆಗುತ್ತಲೇ ಇರುತ್ತದೆ.

‘ನೆಟ್_ರೇಟ್‌ಲಿಮಿಟ್: ಇಷ್ಟು ಕಾಲ್‌ಬ್ಯಾಕ್ಸ್ ಸಪ್ರೆಸ್ಡ್’ ಎಂದು ಬಂದರೆ ಕೆಲವು ಸಾಲು ನುಂಗಿಹೋಗಿವೆ ಎಂದರ್ಥ. ನೆಟ್.ಕೋರ್.ಮೆಸೇಜ್_ಕಾಸ್ಟ್ 5, ಮೆಸೇಜ್_ಬರ್ಸ್ಟ್ 10 ಇರುತ್ತವೆ, ಅಂದರೆ 5 ಸೆಕೆಂಡಿಗೆ 10 ಸಂದೇಶ. ಕಾಸ್ಟ್ 0 ಮಾಡಿದರೆ ಮಿತಿಯೇ ಹೋಗುತ್ತದೆ. ಸೀರಿಯಲ್ ಕನ್ಸೋಲ್ ಇರುವ ಯಂತ್ರದಲ್ಲಿ ಹಾಗೆ ಬಿಟ್ಟರೆ ಯಂತ್ರವೇ ತೆವಳುತ್ತದೆ. ಮೊದಲು ‘ಡಿಮೆಸೇಜ್ -ಎನ್ 4’ ಕೊಡಿ: ವಾರ್ನಿಂಗ್‌ಗಳು ಕನ್ಸೋಲ್‌ಗೆ ಬರುವುದಿಲ್ಲ, ಬಫರ್‌ನಲ್ಲಿ ಉಳಿದಿರುತ್ತವೆ.

ಇವೆಲ್ಲ ಮುಂದಿನ ಬೂಟ್‌ವರೆಗೆ ಮಾತ್ರ. ಉಳಿಯಬೇಕಾದ್ದನ್ನು /ಇಟಿಸಿ/ಸಿಸ್‌ಸಿಟಿಎಲ್.ಡಿ ಫೋಲ್ಡರಿನಲ್ಲಿ .ಕಾನ್ಫ್ ಫೈಲಾಗಿ ಬರೆದು ‘ಸಿಸ್‌ಸಿಟಿಎಲ್ --ಸಿಸ್ಟಮ್’ ಓಡಿಸಿ.