ಯುದ್ಧ ಮಾಡೋದು ಸೈನಿಕರು, ಮತ್ತೆ ಮಿನಿಸ್ಟ್ರಿ ಯಾಕೆ ಅಂತ ಕೇಳೋರಿಗೆ

ನಾನು ಡಿಫೆನ್ಸ್ ಅಕೌಂಟ್ಸ್‌ನಲ್ಲಿ ಕೆಲಸ ಮಾಡಿ ರಿಟೈರ್ ಆದವನು. ರಕ್ಷಣಾ ಸಚಿವಾಲಯದ ಕೆಳಗೆ ಬರೋ ಡಿಪಾರ್ಟ್‌ಮೆಂಟು ಅದು, ಮೂರೂ ಸೇನೆಗಳ ಸಂಬಳ, ಬಿಲ್ಲು, ಪೆನ್ಷನ್ನು, ಲೆಕ್ಕಪತ್ರ ಎಲ್ಲ ನೋಡ್ಕೊಳ್ಳೋದು. ಇಷ್ಟು ಹೇಳಿದ ತಕ್ಷಣ ಜನ "ಯಾವ ಬಾರ್ಡರ್‌ನಲ್ಲಿದ್ರಿ ಸಾರ್?" ಅಂತಾರೆ. ಬಾರ್ಡರ್ ಅಲ್ಲ, ಆಫೀಸು ಅಂದ್ರೆ ಮುಖದಲ್ಲಿದ್ದ ಗೌರವ ಅರ್ಧ ಇಳಿದುಹೋಗುತ್ತೆ, ಆಮೇಲೆ ಬರುತ್ತೆ ಆ ಪ್ರಶ್ನೆ: "ಅಲ್ಲಾ ಸಾರ್, ಯುದ್ಧ ಮಾಡೋದು ಸೈನಿಕರು, ಮತ್ತೆ ಈ ಮಿನಿಸ್ಟ್ರಿ ಅಂತ ಯಾಕಿರೋದು?" ಮದುವೆಯಲ್ಲಿ, ಟ್ರೈನಲ್ಲಿ, ವಾಕಿಂಗ್ ಹೋದ ಪಾರ್ಕಲ್ಲಿ, ಎಲ್ಲ ಕಡೆ ಇದೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದು ಹಾಕ್ತಿದೀನಿ, ಇನ್ಮೇಲೆ ಕೇಳಿದೋರಿಗೆ ಲಿಂಕ್ ಕಳಿಸ್ತೀನಿ.

ಬಾರ್ಡರ್ ವಿಷಯ ಮೊದಲು ಮುಗಿಸಿಬಿಡ್ತೀನಿ. ವಾಘಾ ಗೇಟ್ ಹತ್ರ ಕಾಲು ತಲೆ ಮಟ್ಟಕ್ಕೆ ಎತ್ತಿ ಪರೇಡ್ ಮಾಡೋದನ್ನ ಟೀವಿಲಿ ನೋಡ್ತೀರಲ್ಲ, ಅವರು ಬಿಎಸ್‌ಎಫ್‌ನೋರು. ಅವರು ರಕ್ಷಣಾ ಸಚಿವಾಲಯಕ್ಕೆ ಸೇರಿದೋರೇ ಅಲ್ಲ, ಗೃಹ ಸಚಿವಾಲಯದೋರು. ಐಟಿಬಿಪಿನೂ ಅಷ್ಟೇ, ಸಿಆರ್‌ಪಿಎಫ್‌ನೂ ಅಷ್ಟೇ. ಅಸ್ಸಾಂ ರೈಫಲ್ಸ್‌ದು ಇನ್ನೊಂದು ಥರ, ಆಡಳಿತ ಗೃಹ ಸಚಿವಾಲಯದ್ದು, ಕಾರ್ಯಾಚರಣೆ ಸೈನ್ಯದ ಕೈಲಿ. ಕೋಸ್ಟ್ ಗಾರ್ಡ್ ಮಾತ್ರ ನಮ್ಮದು. ಹಿಮಾಲಯದಲ್ಲಿ ಗುಡ್ಡ ಕೊರೆದು ರೋಡ್ ಮಾಡೋ ಬಾರ್ಡರ್ ರೋಡ್ಸ್ ನಮ್ಮದು, ನಿಮ್ಮ ಮಕ್ಕಳು ಖಾಕಿ ಹಾಕ್ಕೊಂಡು ಹೋಗೋ ಎನ್‌ಸಿಸಿ ನಮ್ಮದು, ವಿಜಯಪುರದ ಸೈನಿಕ ಶಾಲೆ ಇರೋದು ನಮ್ಮ ಕೆಳಗೆ, ಬೆಳಗಾವಿ ಕ್ಯಾಂಟೋನ್ಮೆಂಟ್ ಬೋರ್ಡೂ ನಮ್ಮ ಕೆಳಗೇ. ಎಚ್‌ಎಎಲ್, ಬಿಇಎಲ್ ನಮ್ಮವು, ತೇಜಸ್‌ನ ಡಿಸೈನ್‌ಗೆ ದುಡಿದ ಲ್ಯಾಬ್‌ಗಳೂ ನಮ್ಮವು. ಬೆಂಗಳೂರಲ್ಲಿ ಇದ್ಕೊಂಡು, ಅಕ್ಕಪಕ್ಕದ ಮನೇಲೇ ಎಚ್‌ಎಎಲ್‌ನೋರು ಇದ್ದೂ, ಮಿನಿಸ್ಟ್ರಿ ಏನ್ ಮಾಡುತ್ತೆ ಅಂತ ಕೇಳಿದ್ರೆ ನಂಗೆ ಸಿಟ್ಟು ಬರದೇ ಇನ್ನೇನಾಗುತ್ತೆ ಹೇಳಿ.

ಆದ್ರೆ ನಿಜವಾಗಿ ತಲೆ ಕೆಟ್ಟಿದ್ದು ಒಂದು ಮದುವೆ ಊಟದಲ್ಲಿ. ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗ, ಐಟಿ ಕಂಪನೀಲಿ ಒಳ್ಳೆ ಕೆಲಸದಲ್ಲಿರೋನು, ಹುಡುಗೀ ಕಡೆಯೋರ ಪೈಕಿ. "ಅಂಕಲ್, ಈ ಮಿನಿಸ್ಟ್ರಿ ಅನ್ನೋ ಮಿಡ್ಲ್‌ಮ್ಯಾನ್‌ನ ಮೊದ್ಲು ತೆಗೀಬೇಕು. ಬಜೆಟ್ ದುಡ್ಡನ್ನ ನೇರ ಮೂರು ಚೀಫ್‌ಗಳ ಅಕೌಂಟಿಗೆ ಹಾಕಿಬಿಟ್ರೆ ಆರು ತಿಂಗಳಲ್ಲಿ ಎಲ್ಲ ಸರಿಹೋಗುತ್ತೆ" ಅಂದ. ಎದುರುಗಡೆ ಸಾಲಿನಲ್ಲಿದ್ದೋರೆಲ್ಲ ಹೌದು ಹೌದು ಅಂದ್ರು. ನನ್ನ ಭಾವನೂ ಹೌದು ಅಂದ್ರು! ನಾನು ಉತ್ತರ ಶುರು ಮಾಡೋಷ್ಟರಲ್ಲಿ ಹೋಳಿಗೆ ಬಂತು, ತುಪ್ಪ ಬಂತು, ಯಾರಿಗೂ ನನ್ನ ಮಾತು ಬೇಕಿರ್ಲಿಲ್ಲ. ಅವತ್ತು ಆಗದೇ ಹೋದ ಮಾತು ಇವತ್ತು ಪೂರ್ತಿ ಹೇಳ್ತೀನಿ.

ದುಡ್ಡಿಂದಲೇ ಶುರು ಮಾಡೋಣ, ಅವನು ಶುರು ಮಾಡಿದ್ದೂ ಅಲ್ಲಿಂದಲೇ. 2025-26ರ ಬಜೆಟ್‌ನಲ್ಲಿ ರಕ್ಷಣೆಗೆ ಇಟ್ಟಿದ್ದು ಸುಮಾರು 6.81 ಲಕ್ಷ ಕೋಟಿ. ಇದನ್ನ ಕೇಳಿದೋರ ತಲೇಲಿ ಬರೋದು ವಿಮಾನ, ಟ್ಯಾಂಕು, ಮಿಸೈಲು. ಹೊಸ ಆಯುಧ, ವಿಮಾನ, ಹಡಗು ಇಂಥ ಬಂಡವಾಳ ಖರ್ಚಿಗೆ ಇರೋದು ಅದರಲ್ಲಿ 1.80 ಲಕ್ಷ ಕೋಟಿ. ಪೆನ್ಷನ್‌ಗೆ ಎಷ್ಟು ಗೊತ್ತಾ? 1.60 ಲಕ್ಷ ಕೋಟಿ ದಾಟುತ್ತೆ, ತಗೊಳ್ಳೋರು 34 ಲಕ್ಷಕ್ಕಿಂತ ಜಾಸ್ತಿ ಜನ. ಉಳಿದಿದ್ದರಲ್ಲಿ ದೊಡ್ಡ ಪಾಲು ಸಂಬಳ, ರೇಷನ್, ಇಂಧನ, ಮದ್ದುಗುಂಡು, ರಿಪೇರಿ. ಈಗ ಹೇಳಪ್ಪ, ಈ 34 ಲಕ್ಷ ಜನರ ಪೆನ್ಷನ್‌ನ ಲಡಾಖ್‌ನಲ್ಲಿ ನಿಂತಿರೋ ಕಮಾಂಡರ್ ಲೆಕ್ಕ ಹಾಕ್ತಾನಾ? ಕಂಟೋನ್ಮೆಂಟ್ ಜಾಗ ಒತ್ತುವರಿ ಆದ್ರೆ ಕೋರ್ಟಿಗೆ ಸಬ್‌ಮರೀನ್ ಕ್ಯಾಪ್ಟನ್ ಹೋಗ್ತಾನಾ? ದೇಶದಲ್ಲಿ ರಕ್ಷಣಾ ಭೂಮಿನೇ ಹತ್ರತ್ರ 18 ಲಕ್ಷ ಎಕರೆ ಇದೆ, ಅದನ್ನ ನೋಡ್ಕೊಳ್ಳೋಕೇ ಬೇರೆ ಒಂದು ಸರ್ವಿಸ್ ಇದೆ. ಸೈನಿಕ ಸೈನಿಕನಾಗಿ ಇರಬೇಕು ಅಂದ್ರೆ ಇವನ್ನೆಲ್ಲ ಇನ್ಯಾರೋ ಮಾಡ್ಲೇಬೇಕು.

ಇನ್ನು "ಎಲ್ಲ ಸೈನ್ಯದ ಕೈಗೇ ಕೊಟ್ಬಿಡಿ" ಅನ್ನೋ ಐಡಿಯಾ. ಅದು ಹೊಸದೇನಲ್ಲ ಕಣಪ್ಪಾ, ಈ ದೇಶದಲ್ಲೇ ಒಂದು ಸಲ ಮಾಡಿ ನೋಡಿದಾರೆ. ಈಸ್ಟ್ ಇಂಡಿಯಾ ಕಂಪನಿಯೋರು 1776ರಲ್ಲಿ ಕಲ್ಕತ್ತಾದಲ್ಲಿ ಮಿಲಿಟರಿ ಡಿಪಾರ್ಟ್‌ಮೆಂಟ್ ಅಂತ ಶುರು ಮಾಡಿದ್ರು, ಇವತ್ತಿನ ಸಚಿವಾಲಯದ ಬೇರು ಅಲ್ಲಿದೆ. ಮುಂದೆ ವೈಸ್‌ರಾಯ್ ಕೌನ್ಸಿಲ್‌ನಲ್ಲಿ ಮಿಲಿಟರಿ ಮೆಂಬರ್ ಅಂತ ಒಬ್ರು ಇರ್ತಿದ್ರು, ಕಮಾಂಡರ್ ಇನ್ ಚೀಫ್ ಕೇಳಿದ್ದನ್ನೆಲ್ಲ ಅವರೂ ಒಂದು ಸಲ ನೋಡಿ ಸರ್ಕಾರಕ್ಕೆ ಅಭಿಪ್ರಾಯ ಹೇಳ್ತಿದ್ರು. ಕಮಾಂಡರ್ ಆಗಿ ಬಂದ ಕಿಚನರ್‌ಗೆ ಇದು ಸುತರಾಂ ಇಷ್ಟ ಆಗ್ಲಿಲ್ಲ. ಎರಡನೇ ಅಭಿಪ್ರಾಯ ಬೇಡ, ಎಲ್ಲ ನನ್ನ ಕೈಲಿರ್ಲಿ ಅಂತ ಹಟ ಹಿಡಿದ. ವೈಸ್‌ರಾಯ್ ಕರ್ಜನ್ ಒಪ್ಪಲಿಲ್ಲ, ಲಂಡನ್ನು ಕಿಚನರ್ ಪರ ನಿಂತ್ಕೊಳ್ತು, 1905ರಲ್ಲಿ ಕರ್ಜನ್ ರಾಜೀನಾಮೆ ಕೊಟ್ಟು ಹೋದ. ಮಿಲಿಟರಿ ಡಿಪಾರ್ಟ್‌ಮೆಂಟ್ ಎತ್ತಿಹಾಕಿದ್ರು, ಕೆಲವೇ ವರ್ಷದಲ್ಲಿ ಆಡಳಿತ, ಸರಬರಾಜು, ಕಮಾಂಡ್ ಎಲ್ಲ ಒಬ್ಬನ ಟೇಬಲ್ಲಿಗೆ ಬಂತು. ಆ ಹುಡುಗ ಕೇಳಿದ್ದು ಇದನ್ನೇ ತಾನೆ?

ಏನಾಯ್ತು ಅಂತ ಕೇಳಿ. ಮೊದಲನೇ ಮಹಾಯುದ್ಧದಲ್ಲಿ ಭಾರತದ ಸೈನ್ಯನ ಮೆಸೊಪೊಟೇಮಿಯಾಕ್ಕೆ, ಅಂದ್ರೆ ಈಗಿನ ಇರಾಕ್‌ಗೆ ಕಳಿಸಿದ್ರು. ನದಿ ಮೇಲೆ ಸಾಮಾನು ಸಾಗಿಸೋಕೆ ಸಾಕಷ್ಟು ದೋಣಿ ಇಲ್ಲ, ಡಾಕ್ಟರ್ ಸಾಲದು, ಔಷಧಿ ಸಾಲದು, ಗಾಯ ಆದೋರನ್ನ ಸ್ಪ್ರಿಂಗ್ ಇಲ್ಲದ ಗಾಡಿಗಳಲ್ಲಿ ಹೇರ್ಕೊಂಡು ಹೋಗಿದಾರೆ. 1916ರ ಏಪ್ರಿಲ್‌ನಲ್ಲಿ ಕೂತ್ ಅನ್ನೋ ಊರಲ್ಲಿ ಹಸಿವಲ್ಲಿ ಕಂಗೆಟ್ಟು ಸುಮಾರು 13,000 ಜನ ಶರಣಾದ್ರು, ಹೆಚ್ಚಿನೋರು ಭಾರತೀಯರೇ. ಸೆರೆ ಸಿಕ್ಕವರಲ್ಲಿ ಎಷ್ಟೋ ಜನ ವಾಪಸ್ ಬರಲೇ ಇಲ್ಲ. ಆಮೇಲೆ ತನಿಖೆ ಮಾಡಿದ ಆಯೋಗ 1917ರಲ್ಲಿ ವರದಿ ಕೊಡ್ತು. ಭಾರತದಲ್ಲಿ ಕಮಾಂಡು ಮತ್ತು ಆಡಳಿತ ಎರಡನ್ನೂ ಒಬ್ಬನ ಹೆಗಲಿಗೆ ಹಾಕಿದ ವ್ಯವಸ್ಥೇನ ಅದು ನೇರವಾಗಿಯೇ ಟೀಕಿಸ್ತು. ಇದನ್ನ ಓದಿದಾಗೆಲ್ಲ ನಂಗೆ ಹೊಟ್ಟೆ ಉರಿಯುತ್ತೆ. ಮುಂದಾಲೋಚನೆ ಮಾಡಿ ದೋಣಿ ಲೆಕ್ಕ ಹಾಕೋ ಒಬ್ಬ ಗುಮಾಸ್ತ, "ಡಾಕ್ಟರ್ ಎಲ್ಲಿ?" ಅಂತ ಅಡ್ಡ ಬಂದು ಕೇಳೋ ಒಬ್ಬ ಮನುಷ್ಯ ಅಲ್ಲಿ ಇದ್ದಿದ್ರೆ ಆ ಹುಡುಗರಲ್ಲಿ ಅದೆಷ್ಟು ಜನ ಊರಿಗೆ ಬರ್ತಿದ್ರೋ.

ಅದಕ್ಕೇ ಸ್ವತಂತ್ರ ಬಂದ್ಮೇಲೆ ನಮ್ಮೋರು ವ್ಯವಸ್ಥೆನ ಬೇರೆ ಥರ ಕಟ್ಟಿದ್ರು. ಸೇನೆಗಳ ಪರಮೋಚ್ಚ ಅಧಿಕಾರ ರಾಷ್ಟ್ರಪತಿಗಳದ್ದು ಅಂತ ಸಂವಿಧಾನ ಹೇಳುತ್ತೆ, ಆದ್ರೆ ಅದನ್ನ ಕಾನೂನಿನ ಪ್ರಕಾರವೇ ನಡೆಸ್ಬೇಕು ಅಂತಾನೂ ಅದೇ ಸಾಲಿನಲ್ಲಿ ಹೇಳುತ್ತೆ. 1955ರಲ್ಲಿ ಕಮಾಂಡರ್ ಇನ್ ಚೀಫ್ ಅನ್ನೋ ಹುದ್ದೆ ಹೆಸರನ್ನೇ ತೆಗೆದು ಚೀಫ್ ಆಫ್ ಸ್ಟಾಫ್ ಅಂತ ಮಾಡಿದ್ರು. ಯುದ್ಧ ಹೇಗೆ ಮಾಡೋದು ಅನ್ನೋದು ಸೈನ್ಯದ ವಿದ್ಯೆ, ಅದರಲ್ಲಿ ಸಚಿವರು ಕೈ ಹಾಕಬಾರದು. ಆದ್ರೆ ಯುದ್ಧ ಮಾಡ್ಬೇಕಾ, ಎಷ್ಟು ದುಡ್ಡು, ಯಾರಿಂದ ಆಯುಧ, ಇದಕ್ಕೆಲ್ಲ ಉತ್ತರ ಕೊಡೋಕೆ ನೀವು ವೋಟ್ ಹಾಕಿ ಕಳಿಸಿದ ಒಬ್ಬ ಮನುಷ್ಯ ಪಾರ್ಲಿಮೆಂಟಲ್ಲಿ ಎದ್ದು ನಿಲ್ಲಬೇಕು. 1962ರ ಸೋಲಿನ ಮೇಲೆ ಕೃಷ್ಣ ಮೆನನ್ ಮಂತ್ರಿಗಿರಿ ಬಿಡಬೇಕಾಯ್ತು. ಜನರಲ್‌ಗಳನ್ನ ನೀವು ವೋಟ್ ಹಾಕಿ ಇಳಿಸೋಕಾಗಲ್ಲ, ಮಂತ್ರಿನ ಇಳಿಸಬಹುದು. ಪಕ್ಕದ ದೇಶಗಳಲ್ಲಿ ಜನರಲ್‌ಗಳು ಎಷ್ಟು ಸಲ ರೇಡಿಯೋ ಸ್ಟೇಷನ್‌ಗೆ ನುಗ್ಗಿದಾರೆ ನೆನಪಿಸ್ಕೊಳ್ಳಿ.

ಒಳಗಡೆ ಹೇಗಿದೆ ಅಂತಾನೂ ಕೇಳ್ತಾರೆ, ಬೇಗ ಹೇಳ್ತೀನಿ. ರಕ್ಷಣಾ ಸಚಿವರ ಕೆಳಗೆ ಐದು ಇಲಾಖೆ. ರಕ್ಷಣಾ ಇಲಾಖೆ ಡಿಫೆನ್ಸ್ ಸೆಕ್ರೆಟರಿ ಕೈಲಿ, ನೀತಿ, ಬಜೆಟ್, ದೊಡ್ಡ ಖರೀದಿ, ಪಾರ್ಲಿಮೆಂಟ್ ವ್ಯವಹಾರ ಅಲ್ಲಿ. ಉತ್ಪಾದನೆ ಒಂದು, ಸಂಶೋಧನೆ ಅಂದ್ರೆ ಡಿಆರ್‌ಡಿಓ ಒಂದು, ಮಾಜಿ ಸೈನಿಕರ ಕಲ್ಯಾಣಕ್ಕೆ 2004ರಲ್ಲಿ ಶುರುವಾಗಿದ್ದು ಒಂದು. ಐದನೇದು ಮಿಲಿಟರಿ ಅಫೇರ್ಸ್, ತೀರ ಈಚಿಂದು, ಅದರ ಕಾರ್ಯದರ್ಶಿ ಐಎಎಸ್ ಅಲ್ಲ, ಯೂನಿಫಾರ್ಮ್‌ನಲ್ಲಿರೋ ಸಿಡಿಎಸ್, ಅಂದ್ರೆ ಮೂರೂ ಸೇನೆಗಳಿಗೆ ಸೇರಿ ಇರೋ ಚೀಫ್ ಆಫ್ ಡಿಫೆನ್ಸ್ ಸ್ಟಾಫ್. ಕಾರ್ಗಿಲ್ ಆದ್ಮೇಲೆ 2001ರಲ್ಲೇ ಮಂತ್ರಿಗಳ ಗುಂಪು ಇಂಥ ಹುದ್ದೆ ಬೇಕು ಅಂದಿತ್ತು, ಜನರಲ್ ಬಿಪಿನ್ ರಾವತ್ ಮೊದಲ ಸಿಡಿಎಸ್ ಆಗಿ ಕೂತಿದ್ದು 2020ರ ಜನವರಿ 1ಕ್ಕೆ. "ಮಿನಿಸ್ಟ್ರಿಲಿ ಸೈನಿಕರೇ ಇಲ್ಲ" ಅನ್ನೋ ದೂರಿಗೆ ಮೊದಲು ಅರ್ಥ ಇತ್ತು, ಈಗ ಇಲ್ಲ. ಇವೆಲ್ಲದರ ಪಕ್ಕಕ್ಕೆ ಹಣಕಾಸು ವಿಭಾಗ, ನಾನು ಬಂದಿದ್ದು ಆ ಕಡೆಯಿಂದ.

ತಡ ಆಗುತ್ತೆ ಅಂತೀರಾ? ಆಗುತ್ತೆ. ಇದರಲ್ಲಿ ವಾದ ಮಾಡಲ್ಲ ನಾನು. 1986ರಲ್ಲಿ ಬೊಫೋರ್ಸ್ ತೋಪಿಗೆ ಸಹಿ ಹಾಕಿದ್ವಿ, ಹೊರಗಡೆಯಿಂದ ಅದಾದ್ಮೇಲಿನ ತೋಪು ಅಂದ್ರೆ ಎಂ-777, ಅದರ ಸಹಿ 2016ರಲ್ಲಿ, ನಡುವೆ ಮೂವತ್ತು ವರ್ಷ! ಪೈಲಟ್‌ಗಳಿಗೆ ಟ್ರೈನಿಂಗ್ ಕೊಡೋ ಹಾಕ್ ವಿಮಾನ ಬೇಕು ಅಂತ ಏರ್‌ಫೋರ್ಸ್ ಕೇಳಿದ್ದು ಎಂಬತ್ತರ ದಶಕದಲ್ಲಿ, ಒಪ್ಪಂದ ಆಗಿದ್ದು 2004ರಲ್ಲಿ, ಅಲ್ಲೀತನಕ ಹುಡುಗರು ಮಿಗ್-21ನಲ್ಲೇ ಕಲೀಬೇಕಾಯ್ತು. ಇದಕ್ಕೆ ಕ್ಷಮೆ ಇಲ್ಲ ಅಂತಲೇ ನಾನೂ ಹೇಳೋದು. ಆದ್ರೆ ಬೊಫೋರ್ಸ್ ಗಲಾಟೆ ಆದ್ಮೇಲೆ ಸಹಿ ಹಾಕೋಕೆ ಕೈ ನಡುಗುತ್ತಿತ್ತು ಅನ್ನೋದೂ ನಿಜ, ಸಹಿ ಹಾಕಿದೋನು ಹತ್ತು ವರ್ಷ ಆದ್ಮೇಲೆ ತನಿಖೆಗೆ ಹೋಗ್ಬೇಕು, ಹಾಕದೇ ಇದ್ದೋನನ್ನ ಯಾರೂ ಕೇಳಲ್ಲ. ಲಂಚ ಆಯ್ತು ಅಂತ ಕೂಗೋರೂ ನಾವೇ, ಯಾಕೆ ಇಷ್ಟು ಚೆಕಿಂಗ್ ಅಂತ ಕೂಗೋರೂ ನಾವೇ. ಈ ವಿಷಯದಲ್ಲಿ ನಂಗೆ ಬಹಳ ಇಷ್ಟದೋರು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ರಕ್ಷಣಾ ಸಚಿವರಾಗಿದ್ದಾಗ ಸಿಯಾಚಿನ್‌ಗೆ ಪದೇ ಪದೇ ಹೋಗೋರು. ಅಲ್ಲಿನ ಸೈನಿಕರಿಗೆ ಬೇಕಾದ ಸ್ನೋ ಸ್ಕೂಟರ್ ಖರೀದಿಯ ಫೈಲ್ ದೆಹಲಿಯಲ್ಲಿ ಎಳೆದಾಡ್ತಿದ್ದಾಗ, ಅದನ್ನ ತಡೆದ ಅಧಿಕಾರಿಗಳಿಗೆ ಹೋಗಿ ಸಿಯಾಚಿನ್ ನೋಡ್ಕೊಂಡು ಬನ್ನಿ ಅಂತ ಆದೇಶ ಮಾಡಿದ್ರು. ಫೈಲ್ ನೋಡೋನಿಗೆ ಆ ಚಳಿ ಗೊತ್ತಿರ್ಬೇಕು, ಅಷ್ಟೇ. ಫೈಲೇ ಬೇಡ ಅನ್ನಲಿಲ್ಲ ಅವರು.

ಇಷ್ಟೆಲ್ಲ ಬರೆದ್ಮೇಲೆ ಒಂದು ಮಾತು. ಯಾರಾದ್ರೂ ನನ್ನನ್ನ ಕೇಳಲಿ ಅಂತ ಕಾಯೋ ಪ್ರಶ್ನೆ ಇದಲ್ಲವೇ ಅಲ್ಲ. ಸೈನಿಕ ಹೋದ್ಮೇಲೆ ಅವನ ಮನೆಯೋರನ್ನ ಯಾರು ನೋಡ್ಕೊಳ್ತಾರೆ, ಹೇಗೆ ನೋಡ್ಕೊಳ್ತಾರೆ ಅಂತ ಯಾರೂ ಕೇಳಲ್ಲ. ಶವಪೆಟ್ಟಿಗೆ ಊರಿಗೆ ಬಂದ ದಿನ ರಸ್ತೆ ತುಂಬ ಜನ ಇರ್ತಾರೆ, ಸ್ಟೇಟಸ್ ಹಾಕ್ತಾರೆ, ಹದಿನೈದು ದಿನ ಆದ್ಮೇಲೆ ಆಕೆ ಒಬ್ಬಳೇ ಕಾಗದ ಹಿಡ್ಕೊಂಡು ಓಡಾಡೋದು ಯಾರಿಗೂ ಕಾಣಲ್ಲ. ಕಾರ್ಯಾಚರಣೆಯಲ್ಲಿ ಸತ್ರೆ ಹೆಂಡತಿಗೆ ಸಿಗೋ ಪೆನ್ಷನ್ ಅವನ ಕೊನೆಯ ವೇತನದ ಪೂರ್ತಿ. ಸೇವೆಗೆ ಸಂಬಂಧಪಟ್ಟ ಬೇರೆ ಕಾರಣದ ಸಾವಿಗೆ ಶೇಕಡ 60. ಸಾಮಾನ್ಯ ಕುಟುಂಬ ಪೆನ್ಷನ್ ಆದ್ರೆ ಶೇಕಡ 30. ಸಾವು ಹೇಗಾಯ್ತು ಅಂತ ಒಂದು ಕಾಗದದಲ್ಲಿ ಬರೆಯೋ ಒಂದು ಸಾಲಿನ ಮೇಲೆ ಒಂದು ಮನೆಯ ಜೀವನ ನಿಂತಿರುತ್ತೆ. ಆ ಸಾಲು ಸರಿಯಾಗಿ ಬರೀಬೇಕು ಅಂತ ಕೂತು ತಲೆ ಕೆಡಿಸ್ಕೊಳ್ಳೋನು ಗನ್ ಹಿಡಿಯಲ್ಲ, ನಿಜ.

ಒಬ್ಬರು ಅಜ್ಜಿ ನಮ್ಮಲ್ಲಿಗೆ ಬಂದಿದ್ರು, ಉತ್ತರ ಕರ್ನಾಟಕದ ಕಡೆಯೋರು. "ಸಾಹೇಬ್ರ, ನಮ್ಮ ಮನಿಯವ್ರು ಮಿಲಿಟ್ರಿಯಾಗಿದ್ರು, ಹ್ವಾದ್ಮ್ಯಾಲೆ ನನ್ನ ಪಿಂಚಣಿ ಚಾಲೂನ ಆಗಿಲ್ರಿ" ಅಂದ್ರು. ಕಾಗದ ಬಿಚ್ಚಿ ನೋಡಿದ್ರೆ ಆಧಾರ್‌ನಲ್ಲಿ ಹೆಸರಿನ ಕೊನೆಗೆ 'ವ್ವ' ಇದೆ, ಸೈನ್ಯದ ದಾಖಲೇಲಿ 'ಬಾಯಿ' ಅಂತ ಇದೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದೇನೋ. ಮೂರೂ ಒಬ್ಬರೇ ಅಂತ ಊರಿಗೆಲ್ಲ ಗೊತ್ತು, ಕಂಪ್ಯೂಟರ್‌ಗೆ ಗೊತ್ತಿಲ್ಲ. ಅಫಿಡವಿಟ್ ಮಾಡಿಸಿ, ರೆಕಾರ್ಡ್ ಆಫೀಸಿಗೆ ಬರೆದು, ಅಲ್ಲಿಂದ ಪೆನ್ಷನ್ ಮಂಜೂರು ಮಾಡೋ ಪ್ರಯಾಗ್‌ರಾಜ್ ಆಫೀಸಿಗೆ ಹೋಗಿ, ತಿದ್ದುಪಡಿ ಮಾಡಿದ ಪಿಪಿಓ, ಅಂದ್ರೆ ಪೆನ್ಷನ್ ಮಂಜೂರಾತಿ ಆದೇಶ ಬರೋಷ್ಟರಲ್ಲಿ ತಿಂಗಳುಗಳೇ ಹಿಡಿದ್ವು. ಬಾಕಿ ಸಮೇತ ದುಡ್ಡು ಬಂತು. ಆ ಅಜ್ಜಿ ಕೇಳ್ಲಿಲ್ಲ ಮಿನಿಸ್ಟ್ರಿ ಯಾಕಿರೋದು ಅಂತ.

ಆದ್ದರಿಂದ ನನ್ನ ಹತ್ರ ಮಾತಾಡ್ಲೇಬೇಕು ಅಂತಿದ್ರೆ ಇದನ್ನ ಮಾಡ್ಕೊಂಡು ಬನ್ನಿ. ನಿಮ್ಮ ಮನೇಲೋ ಬೀದೀಲೋ ಮಾಜಿ ಸೈನಿಕರಿದ್ರೆ ಅವರ ಪಿಪಿಓ ತೆಗೆಸಿ, ಹೆಂಡತಿ ಹೆಸರು, ಹುಟ್ಟಿದ ದಿನ ಅದರಲ್ಲಿ ಹೇಗಿದೆ, ಆಧಾರ್‌ನಲ್ಲಿ ಹೇಗಿದೆ ಅಂತ ಪಕ್ಕಪಕ್ಕ ಇಟ್ಟು ನೋಡಿ. ಮದುವೆ, ಮಕ್ಕಳ ವಿಷಯ ಪಾರ್ಟ್ ಟೂ ಆರ್ಡರ್‌ನಲ್ಲಿ ಬಂದಿದೆಯಾ ಕೇಳಿ, ಆ ಮಾತು ಅವರಿಗೆ ಅರ್ಥ ಆಗುತ್ತೆ. ರಕ್ಷಣಾ ಪೆನ್ಷನ್‌ನ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್ ಪೋರ್ಟಲ್‌ನಲ್ಲಿ ಮೊಬೈಲ್ ನಂಬರ್ ಅವರದ್ದೇ ಇದೆಯಾ, ವರ್ಷಕ್ಕೊಮ್ಮೆ ಕೊಡಬೇಕಾದ ಜೀವನ ಪ್ರಮಾಣ ಪತ್ರ ಕೊಟ್ಟಿದಾರಾ ನೋಡಿ. ತಾಳೆ ಆಗದೇ ಇದ್ರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಕರ್ಕೊಂಡು ಹೋಗಿ, ಅದು ರಾಜ್ಯ ಸರ್ಕಾರದ್ದು, ದಾರಿ ಹೇಳ್ತಾರೆ. ಅವರು ಬದುಕಿರುವಾಗಲೇ ಮಾಡಿಸಿ, ಅವರೇ ಸಹಿ ಹಾಕಿ ಕೊಟ್ರೆ ಕೆಲಸ ಎಷ್ಟೋ ಸಲೀಸು.