ಗೋಡೆ ಮೇಲೆ ಅಂಗೈಯಗಲದ ಜೇಡ: ಒಂದು ರಾತ್ರಿಯ ಕೆಲಸ

ರಾತ್ರಿ ಹನ್ನೊಂದರ ಹೊತ್ತು. ನೀರು ಕುಡಿಯೋಣವೆಂದು ಅಡುಗೆಮನೆಯ ಲೈಟು ಹಾಕಿದರೆ, ಕಪಾಟಿನ ಪಕ್ಕದ ಗೋಡೆಯಲ್ಲಿ ತಲೆಯೆತ್ತರಕ್ಕೆ ಅಂಗೈಯಗಲದ ಜೇಡ. ಕಂದು ಬಣ್ಣ, ಗೋಡೆಗೆ ಅಂಟಿಸಿಟ್ಟಂತೆ ಚಪ್ಪಟೆ ಮೈ, ಸುತ್ತಲೂ ಚಾಚಿದ ಎಂಟು ಕಾಲು. ಒಂದಿಷ್ಟೂ ಅಲುಗಾಡುತ್ತಿಲ್ಲ. ಪೊರಕೆ ಎಲ್ಲಿದೆ ಎಂದು ಕಣ್ಣು ಹುಡುಕತೊಡಗುತ್ತದಲ್ಲ, ಎಡವಟ್ಟು ಶುರುವಾಗುವುದೇ ಅಲ್ಲಿ.

ಮೊದಲ ಎರಡು ನಿಮಿಷ ಏನೂ ಮಾಡದೆ ನಿಲ್ಲುವುದು ಒಳ್ಳೆಯದು. ಅದು ನಿಮ್ಮನ್ನು ನೋಡುತ್ತಾ ಕೂತಿಲ್ಲ. ಲೈಟು ಹತ್ತಿದ್ದು, ನೆಲ ಅದುರಿದ್ದು ತಿಳಿದು ಸುಮ್ಮನಾಗಿದೆ, ಅಷ್ಟೆ. ಅದರ ಕಾಲುಗಳ ಮೇಲೆ ಗಾಳಿಯ ಅಲುಗಾಟವನ್ನು ಗ್ರಹಿಸುವ ಬಲು ತೆಳ್ಳನೆಯ ಕೂದಲುಗಳಿವೆ. ಯಾರೋ ಟವೆಲ್ ಬೀಸಿದರೆ, ಹತ್ತಿರ ನಿಂತು ಜೋರಾಗಿ ಉಸಿರು ಬಿಟ್ಟರೆ ಸುದ್ದಿ ಆ ಕ್ಷಣವೇ ಮುಟ್ಟುತ್ತದೆ, ಜೇಡ ಓಡುತ್ತದೆ. 'ಮೈಮೇಲೆ ಬಂತು' ಎನ್ನುವವರಲ್ಲಿ ಹೆಚ್ಚಿನವರು ಮೊದಲು ಅದನ್ನು ಓಡಿಸಿದವರೇ. ಓಡುವ ಜೇಡಕ್ಕೆ ಮನುಷ್ಯನೂ ಒಂದು ಕಂಬ, ಮರೆ ಸಿಕ್ಕಿದರೆ ಸಾಕು. ಆದ್ದರಿಂದ ಮಕ್ಕಳನ್ನು, ಬೆಕ್ಕು ನಾಯಿಗಳನ್ನು ಹೊರಗೆ ಕಳಿಸಿ, ಬೇರೆ ಕೋಣೆಗಳ ಬಾಗಿಲು ಎಳೆದುಕೊಂಡು, ಇದ್ದಲ್ಲೇ ನಿಂತು ನೋಡಿ.

ನೋಡುವುದು ಬಣ್ಣವನ್ನಲ್ಲ. ಕಂದು ಜೇಡಗಳು ಸಾವಿರಾರು ಇವೆ. 2022ರಲ್ಲಿ ವಿಜ್ಞಾನ ಹೆಸರಿಟ್ಟ ಜೇಡಗಳ ಲೆಕ್ಕ 50,000 ದಾಟಿತು. ಬಣ್ಣ ಹಿಡಿದು ಹೊರಟರೆ ಯಾವುದೂ ಗುರುತಾಗದು. ನೋಡಬೇಕಾದ್ದು ಮೂರು: ಎಲ್ಲಿ ಕೂತಿದೆ, ಕಾಲು ಹೇಗಿಟ್ಟುಕೊಂಡಿದೆ, ಬಲೆ ಇದೆಯೋ ಇಲ್ಲವೋ.

ಗೋಡೆಯ ಮೇಲೆ ಬಲೆಯಿಲ್ಲದೆ ಚಪ್ಪಟೆಯಾಗಿ, ಏಡಿಯ ಹಾಗೆ ಕಾಲುಗಳನ್ನು ಎರಡೂ ಪಕ್ಕಕ್ಕೆ ಹರಡಿ ಕೂತಿದ್ದರೆ ಅದು ಬಹುಮಟ್ಟಿಗೆ ಹಂಟ್ಸ್‌ಮನ್, ಅಂದರೆ ಬೇಟೆಗಾರ ಜೇಡ. ಬಿಸಿಲು ದೇಶಗಳ ಮನೆಗಳಲ್ಲೆಲ್ಲ ಸಿಗುವ ಜಾತಿ ಹೆಟೆರೋಪೋಡಾ ವೆನಟೋರಿಯಾ. ಸರಕಿನ ಜೊತೆ ಹಡಗು ಹತ್ತಿ ಲೋಕ ಸುತ್ತಿದ ಜೇಡ ಇದು. ಮೈ ಎರಡರಿಂದ ಮೂರು ಸೆಂಟಿಮೀಟರ್, ಕಾಲು ಚಾಚಿದರೆ 7ರಿಂದ 12. ಅಂದರೆ ದೊಡ್ಡದೆಂದರೂ ಹಳೆಯ ಸಿಡಿ ತಟ್ಟೆಯಷ್ಟು. ಹೆದರಿದ ಕಣ್ಣಿಗೆ ಅದು ಊಟದ ತಟ್ಟೆಯಾಗುತ್ತದೆ, ಆ ಮಾತು ಬೇರೆ. ಹೆಣ್ಣಿನ ಮೈ ತುಂಬಿಕೊಂಡಿರುತ್ತದೆ, ಕಣ್ಣುಗಳ ಕೆಳಗೆ ಬೆಳ್ಳನೆಯ ಮೀಸೆಯಂಥ ಪಟ್ಟಿ. ಗಂಡಿನದು ಸಣಕಲು ಮೈ, ಇನ್ನೂ ಉದ್ದ ಕಾಲು. ಹೆಚ್ಚು ಭಯ ಹುಟ್ಟಿಸುವುದು ಈ ಗಂಡೇ. ಹೆಣ್ಣು ಹುಡುಕಿಕೊಂಡು ರಾತ್ರಿಯೆಲ್ಲ ಅಲೆಯುವುದೂ ಅದೇ.

ನೆಲದ ಮೇಲೆ ಓಡುತ್ತಾ, ಗೋಡೆ ಹತ್ತದೆ ಅಂಚಿನಲ್ಲೇ ಸಾಗುವುದಾದರೆ ತೋಳ ಜೇಡವಿರಬಹುದು. ಟಾರ್ಚನ್ನು ಕಣ್ಣಿನ ಪಕ್ಕಕ್ಕೆ ಹಿಡಿದು ಅದರತ್ತ ಬಿಟ್ಟರೆ ಎರಡು ಹಸಿರು ಬಿಳುಪಿನ ಚುಕ್ಕಿಗಳು ಮಿನುಗುತ್ತವೆ. ತತ್ತಿಯ ಉಂಡೆಯನ್ನು ಅದು ಹಿಂಬದಿಗೆ ಅಂಟಿಸಿಕೊಂಡು ತಿರುಗುತ್ತದೆ, ಮರಿಗಳಾದ ಮೇಲೆ ಅವನ್ನು ಬೆನ್ನಿಗೇರಿಸಿಕೊಳ್ಳುತ್ತದೆ. ಬೆನ್ನು ನವಿರೆದ್ದಂತೆ ಒರಟಾಗಿ ಕಂಡರೆ ಚಪ್ಪಲಿ ಎತ್ತಬೇಡಿ. ಒಂದು ಹೋಗಿ ನೂರಾಗುತ್ತವೆ.

ಮೂಲೆಯಲ್ಲಿ ಹಾಳೆಯಂಥ ಬಲೆ, ಅದರ ಒಂದು ತುದಿ ಆಲಿಕೆಯ ಹಾಗೆ ಸಂದಿನೊಳಗೆ ಇಳಿದಿದ್ದರೆ ಅದು ಆಲಿಕೆ ಬಲೆಯ ಜೇಡ. ಚಳಿ ದೇಶಗಳ ಮನೆಗಳಲ್ಲಿ 'ದೊಡ್ಡ ಜೇಡ' ಎಂದರೆ ಸಾಮಾನ್ಯವಾಗಿ ಇದೇ. ನೂಲಿನಂಥ ಕಾಲಿನ, ಮುಟ್ಟಿದರೆ ಬಲೆಯಲ್ಲೇ ಗಡಗಡ ಅಲ್ಲಾಡುವ ಜೇಡವಂತೂ ಎಲ್ಲ ಮನೆಗಳ ಮೂಲೆಯ ಒಡೆಯ, ಅದರ ತಂಟೆಗೇ ಹೋಗಬೇಕಿಲ್ಲ.

ಬಕೆಟ್ಟಿನಲ್ಲೋ ಬಾತ್‌ಟಬ್ಬಿನಲ್ಲೋ ಬೆಳಗ್ಗೆ ಸಿಕ್ಕಿಬಿದ್ದಿರುವ ಜೇಡ ಸಿಕ್ಕಿಬಿದ್ದದ್ದರಿಂದಲೇ ತನ್ನ ಗುರುತು ಹೇಳುತ್ತದೆ. ಹಂಟ್ಸ್‌ಮನ್‌ನ ಪಾದದಡಿ ಬ್ರಷ್ಷಿನಂಥ ಒತ್ತು ಕೂದಲಿದೆ, ಅದು ಗಾಜನ್ನೂ ಹತ್ತುತ್ತದೆ. ತೋಳ ಜೇಡಕ್ಕೂ ಆಲಿಕೆ ಬಲೆಯ ಜೇಡಕ್ಕೂ ನುಣುಪಾದ ಗೋಡೆ ಹತ್ತುವ ಆ ಹಿಡಿತವಿಲ್ಲ. ಜಾರಿ ಜಾರಿ ತಳದಲ್ಲೇ ಉಳಿಯುತ್ತವೆ. ಕೊಳವೆಯಿಂದ ಮೇಲೆ ಬಂತು ಎನ್ನುವುದು ತಪ್ಪು ಊಹೆ. ಕೊಳವೆಯ ಬಾಗಿನಲ್ಲಿ ನೀರು ನಿಂತಿರುತ್ತದೆ. ಅದು ಮೇಲಿನಿಂದ ಬಿದ್ದದ್ದು. ಒಂದು ಟವೆಲ್ಲಿನ ತುದಿಯನ್ನು ತಳ ಮುಟ್ಟುವಂತೆ ಇಳಿಬಿಟ್ಟರೆ ತಾನೇ ಹತ್ತಿ ಹೋಗುತ್ತದೆ.

ಅಪಾಯದ ಮಾತು. ಗಾತ್ರಕ್ಕೂ ವಿಷಕ್ಕೂ ಸಂಬಂಧ ಹಚ್ಚಬೇಡಿ. ವಿಷಕ್ಕೆ ಹೆಸರುವಾಸಿಯಾದ ಬ್ಲ್ಯಾಕ್ ವಿಡೋ ಜೇಡದ ಹೆಣ್ಣಿನ ಮೈ ಒಂದೂವರೆ ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ಹಂಟ್ಸ್‌ಮನ್ ಅದರ ಹಲವು ಪಟ್ಟು ಜಾಗ ಹಿಡಿಯುತ್ತದೆ, ಕಚ್ಚಿದರೆ ಕೆಲ ಹೊತ್ತಿನ ನೋವು, ಬಾವು. ಆದರೆ ದೊಡ್ಡವೆಲ್ಲ ಸಾಧು ಎನ್ನುವಂತೆಯೂ ಇಲ್ಲ. ದಕ್ಷಿಣ ಅಮೆರಿಕದ ಅಲೆಮಾರಿ ಜೇಡ ಫೋನ್ಯೂಟ್ರಿಯಾ ನೋಡಲು ಹಂಟ್ಸ್‌ಮನ್‌ನಂತೆಯೇ ಇದ್ದು ಮೋಸಗೊಳಿಸುತ್ತದೆ. ಆಸ್ಟ್ರೇಲಿಯಾದ ಸಿಡ್ನಿ ಸುತ್ತಲಿನ ಫನಲ್‌ವೆಬ್ (ಮೇಲೆ ಹೇಳಿದ ಆಲಿಕೆ ಬಲೆಯ ಮನೆ ಜೇಡವಲ್ಲ, ಬೇರೆಯದೇ) ಹೊಳೆಯುವ ಕಪ್ಪು ಜೇಡ, 1981ರಲ್ಲಿ ಅದಕ್ಕೆ ಪ್ರತಿವಿಷ ಬರುವವರೆಗೆ ಜೀವ ತೆಗೆದದ್ದಿದೆ. ಭಾರತ, ಶ್ರೀಲಂಕಾದ ಮರವಾಸಿ ಟರಾಂಟುಲಾ (ಮೈತುಂಬ ಕೂದಲಿನ ದಪ್ಪ ಜೇಡ) ಪೀಸಿಲೊಥೀರಿಯಾ ಕಚ್ಚಿದರೆ ಸ್ನಾಯುಗಳು ದಿನಗಟ್ಟಲೆ ಹಿಡಿದುಕೊಳ್ಳಬಹುದು. ಎಲ್ಲ ಊರಿಗೂ ಹೊಂದುವ ಒಂದು ಸೂತ್ರ ಇಷ್ಟು: ದೊಡ್ಡ ಜೇಡ ಓಡುವ ಬದಲು ಮುಂಗಾಲುಗಳನ್ನು ಮೇಲೆತ್ತಿ ನಿಂತರೆ, ಅಥವಾ ದಪ್ಪ ಕೂದಲು ಕಾಲಿನ ಟರಾಂಟುಲಾದಂತೆ ಕಂಡರೆ, ಡಬ್ಬಿ ಹಿಡಿಯುವ ಸಾಹಸ ಬೇಡ. ಕೋಣೆಯ ಬಾಗಿಲು ಹಾಕಿ, ಕೆಳಗಿನ ಸಂದಿಗೆ ಬಟ್ಟೆ ತುರುಕಿ, ಬಲ್ಲವರನ್ನು ಕರೆಯಿರಿ.

ಗೋಡೆಯ ಮೇಲಿರುವುದು ಹಂಟ್ಸ್‌ಮನ್ ಎಂದು ಖಾತ್ರಿಯಾಯಿತು ಅನ್ನಿ. ಈಗ ಹಿಡಿಯುವ ಕೆಲಸ.

ಲೋಟ ಸಾಲದು. ಜನ ಸೋಲುವುದು ಇಲ್ಲಿಯೇ. ಎಂಟು ಸೆಂಟಿಮೀಟರ್ ಬಾಯಿಯ ಲೋಟವನ್ನು ಹತ್ತು ಸೆಂಟಿಮೀಟರ್ ಜೇಡದ ಮೇಲೆ ಕವುಚಿದರೆ ಅಂಚಿಗೆ ಕಾಲು ಸಿಕ್ಕಿ ಮುರಿಯುತ್ತದೆ, ಉಳಿದ ಜೇಡ ಹೊರಗೋಡುತ್ತದೆ. ಬಾಯಿ 15 ಸೆಂಟಿಮೀಟರಾದರೂ ಅಗಲವಿರುವ, ಹತ್ತು ಸೆಂಟಿಮೀಟರಾದರೂ ಆಳವಿರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಬೇಕು. ಡಬ್ಬಿಗಿಂತ ಎಲ್ಲ ಕಡೆ ಎರಡು ಬೆರಳು ದೊಡ್ಡದಾದ ರಟ್ಟು ಬೇಕು. ಕಾಗದ ಬಾಗುತ್ತದೆ, ಬಾಗಿದಲ್ಲಿ ಸಂದು ಬೀಳುತ್ತದೆ. ಬಹಳ ದಪ್ಪ ರಟ್ಟಾದರೆ ಡಬ್ಬಿಯಡಿ ತೂರಿಸುವಾಗ ಗೋಡೆಯಿಂದ ಡಬ್ಬಿ ಮೇಲೇಳುತ್ತದೆ. ಫೈಲಿನ ಹೊದಿಕೆಯಷ್ಟು ದಪ್ಪ ಸರಿ.

ತೋಳು ತುಂಬುವ ಅಂಗಿ ಹಾಕಿಕೊಳ್ಳಿ. ಇದು ಕಚ್ಚುತ್ತದೆಂದಲ್ಲ, ಬರಿಗೈ ಮೇಲೆ ಕಾಲು ತಾಗಿದರೆ ನೀವು ಕೊಡವುತ್ತೀರಿ, ಆಗ ಡಬ್ಬಿಯೂ ಹಾರುತ್ತದೆ. ನೇರವಾಗಿ ಎದುರಿನಿಂದ, ನಿಧಾನವಾಗಿ, ನೆರಳು ಬೀಳದಂತೆ ಡಬ್ಬಿಯನ್ನು ತನ್ನಿ. ಒಂದು ಗೇಣು ಉಳಿದಾಗ ನಿಲ್ಲಿಸಿ. ಉಸಿರು ಪಕ್ಕಕ್ಕೆ ಬಿಡಿ. ಅಲ್ಲಿಂದ ತಡವರಿಸದೆ ಒಂದೇ ಸಲಕ್ಕೆ ಕವುಚಿ. ಬಡಿಯುವುದು ಬೇಡ, ಇಟ್ಟರೆ ಸಾಕು. ಜೇಡ ಒಳಗೆ ಎರಡು ಸುತ್ತು ಓಡಿ ಡಬ್ಬಿಯ ತಳಕ್ಕೆ, ಎಂದರೆ ನಿಮ್ಮ ಕಡೆಗೆ ಹತ್ತುತ್ತದೆ. ಅಲ್ಲಿಯವರೆಗೆ ಕಾಯಿರಿ. ಆಮೇಲೆ ರಟ್ಟನ್ನು ಗೋಡೆಗೆ ಒತ್ತಿ, ಕೂದಲೆಳೆಯಷ್ಟು ಡಬ್ಬಿ ಸಡಿಲಿಸಿ, ತೂರಿಸುತ್ತಾ ಹೋಗಿ. ಅಂಚಿನಲ್ಲಿ ಕಾಲು ಕಂಡರೆ ನಿಲ್ಲಿಸಿ, ರಟ್ಟಿನ ಮೇಲೆ ಉಗುರಿನಿಂದ ಟಕ್ಕೆನಿಸಿದರೆ ಅದೇ ಎಳೆದುಕೊಳ್ಳುತ್ತದೆ. ಒಂದು ಕಾಲು ಮುರಿದೇ ಹೋಯಿತೆನ್ನಿ, ಮರಿಯಾಗಿದ್ದರೆ ಮುಂದಿನ ಪೊರೆಯೊಂದಿಗೆ ಮತ್ತೆ ಬೆಳೆಯುತ್ತದೆ.

ಎರಡು ಗೋಡೆ ಸೇರುವ ಮೂಲೆಯಲ್ಲಿದ್ದರೆ ದುಂಡು ಡಬ್ಬಿ ಕೂರುವುದೇ ಇಲ್ಲ. ಉದ್ದ ಹಿಡಿಯ ಮೃದು ಬ್ರಷ್ಷಿನಿಂದ ಹಿಂಗಾಲಿಗೆ ಮೆಲ್ಲನೆ ತಾಗಿಸಿದರೆ ಮುಂದಕ್ಕೆ ಜಿಗಿಯುತ್ತದೆ. ಆದ್ದರಿಂದ ಅದರ ಮುಖ ಬಯಲು ಗೋಡೆಯತ್ತ ಇದ್ದಾಗ ಮಾತ್ರ ತಾಗಿಸಿ. ಸೂರಿನಲ್ಲಿದ್ದರೆ ಕೆಳಗೆ ನಿಂತು ಯಾವ ಪ್ರಯತ್ನವೂ ಬೇಡ. ಲೈಟು ಆರಿಸಿ ಅರ್ಧ ಗಂಟೆ ಬಿಟ್ಟು ಬಂದರೆ ಎಷ್ಟೋ ಸಲ ಇಳಿದಿರುತ್ತದೆ. ಈ ಜೇಡ ಓಟದಲ್ಲಿ ಚುರುಕು, ದಮ್ಮಿನಲ್ಲಿ ಸೊನ್ನೆ. ಅದರ ಕಾಲು ಮಡಚುವುದು ಸ್ನಾಯುವಿನಿಂದ, ಚಾಚುವುದು ಹೆಚ್ಚಾಗಿ ಮೈಯೊಳಗಿನ ದ್ರವದ ಒತ್ತಡದಿಂದ. ನಾಲ್ಕು ಸಲ ಓಡಿದರೆ ಸುಸ್ತಾಗಿ ಕೂರುತ್ತದೆ. ಸತ್ತ ಜೇಡದ ಕಾಲುಗಳು ಒಳಕ್ಕೆ ಮುದುಡಿರುವುದೂ ಆ ಒತ್ತಡ ಇಳಿದದ್ದರಿಂದಲೇ.

ಡಬ್ಬಿಯನ್ನು ಬಾಗಿಲಾಚೆ ಕೊಡವಿ ಬಂದರೆ ನಾಳೆ ಅದೇ ಅತಿಥಿ ವಾಪಸ್ಸು. ಹತ್ತಿಪ್ಪತ್ತು ಮಾರು ದೂರದ ಒರಟು ತೊಗಟೆಯ ಮರಕ್ಕೆ ಡಬ್ಬಿಯ ಬಾಯಿ ತಾಗಿಸಿ, ರಟ್ಟು ಎಳೆದು, ಹಿಂದೆ ಸರಿಯಿರಿ. ಇಳಿಯುವ ತನಕ ಕಾಯಿರಿ, ಅಲ್ಲಾಡಿಸಬೇಡಿ.

ಸ್ಪ್ರೇ ಏಕೆ ಬೇಡ ಎಂಬುದಕ್ಕೆ ದಯೆಯ ಕಾರಣ ಬದಿಗಿರಲಿ, ಅದು ಕೆಲಸವನ್ನೇ ಕೆಡಿಸುತ್ತದೆ. ಜಿರಳೆಗೆಂದು ತಂದ ವಿಷ ದೊಡ್ಡ ಜೇಡಕ್ಕೆ ಕೂಡಲೇ ತಾಗುವುದಿಲ್ಲ. ಮೊದಲು ಹುಚ್ಚು ಹಿಡಿದಂತೆ ಓಡಿಸುತ್ತದೆ, ಹಿಡಿತ ತಪ್ಪಿಸಿ ಕೆಳಗೆ ಬೀಳಿಸುತ್ತದೆ, ಕೊನೆಗೆ ಕಪಾಟಿನ ಹಿಂದೆ ಸಾಯಿಸುತ್ತದೆ. ತಲೆಯ ಮೇಲಕ್ಕೆ ಸಿಂಪಡಿಸಿದ್ದು ನಿಮ್ಮ ಕಣ್ಣಿಗೂ ಇಳಿಯುತ್ತದೆ. ಗೋಡೆಗೆ ಮೊದಲೇ ಬಳಿದಿಟ್ಟ ವಿಷವೂ ಅಷ್ಟಕ್ಕಷ್ಟೇ. ಜಿರಳೆ ಹೊಟ್ಟೆಯೆಳೆದುಕೊಂಡು ಹೋಗುತ್ತದೆ, ಜೇಡ ಕಾಲ್ತುದಿಯಲ್ಲಿ ನಡೆಯುತ್ತದೆ. ವಾಸನೆಯ ಎಣ್ಣೆ, ಸಿಪ್ಪೆಗಳ ಬಗ್ಗೆ ಹೇಳುವುದಾದರೆ, ಘಾಟು ಹಾರುವ ತನಕ ಇರುವ ಧೈರ್ಯ ಅದು.

ಹೆಣ್ಣು ಹಂಟ್ಸ್‌ಮನ್ ಮೈಯಡಿ ನಾಣ್ಯದಂಥ ಬಿಳಿ ಬಿಲ್ಲೆ ಹಿಡಿದುಕೊಂಡಿದ್ದರೆ ಅದು ತತ್ತಿ ಚೀಲ. ಒಳಗೆ ನೂರಾರು ತತ್ತಿಗಳಿರುತ್ತವೆ. ಅದನ್ನು ಬಿಡಿಸಲು ಹೋಗಬೇಡಿ. ಈ ಹೊತ್ತಿನಲ್ಲಿ ಅದು ಓಡುವುದಕ್ಕಿಂತ ಎದುರು ನಿಲ್ಲುವುದೇ ಹೆಚ್ಚು. ಇನ್ನೂ ದೊಡ್ಡ ಡಬ್ಬಿ ತೆಗೆದುಕೊಂಡು ತಾಯಿ ಸಮೇತ ಹೊರಗೆ ಸಾಗಿಸಿ. ಮನೆಯೊಳಗೇ ಮರಿಯಾದರೂ ಅವು ಚದುರುತ್ತವೆ, ಒಂದನ್ನೊಂದು ತಿನ್ನುತ್ತವೆ, ಹಲ್ಲಿಗೂ ಹಂಚಿಕೆಯಾಗುತ್ತವೆ. ದೊಡ್ಡವಾಗುವುದು ಬೆರಳೆಣಿಕೆಯಷ್ಟು.

ಕಚ್ಚಿದರೆ ಸೋಪು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಟ್ಟು, ತೆಗೆದು, ಮತ್ತೆ ಇಡಿ. ಕುಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಜೇಡದ ಫೋಟೋ ತೆಗೆದಿಟ್ಟರೆ ವೈದ್ಯರಿಗೆ ಅನುಕೂಲ. ನೋವು ಮೇಲಕ್ಕೆ ಹರಡಿದರೆ, ಬೆವರಿದರೆ, ಸ್ನಾಯು ಸೆಳೆದರೆ, ಉಸಿರು ಕಟ್ಟಿದಂತಾದರೆ ತಡಮಾಡದೆ ಆಸ್ಪತ್ರೆ. ಫನಲ್‌ವೆಬ್ ಇರುವ ನಾಡಿನಲ್ಲಿ ಕ್ರಮ ಬೇರೆ: ಅಲ್ಲಿ ಇಡೀ ಕೈಕಾಲಿಗೆ ಅಗಲ ಬ್ಯಾಂಡೇಜ್ ಸುತ್ತಿ, ಅಲುಗಾಡಿಸದೆ ಆಂಬುಲೆನ್ಸ್ ಕರೆಯುತ್ತಾರೆ. ಬೆಳಗ್ಗೆ ಎದ್ದಾಗ ಕಂಡ ಕೀವುಗುಳ್ಳೆಗೆಲ್ಲ ಜೇಡವನ್ನು ದೂರುವುದು ರೂಢಿ. ಜೇಡವನ್ನು ಕಣ್ಣಾರೆ ಕಾಣದಿದ್ದರೆ ಅದು ಚರ್ಮದ ಸೋಂಕಿರುವ ಸಂಭವವೇ ಹೆಚ್ಚು.

ಬೆಳಕು ಹರಿದ ಮೇಲೆ ಸಂದು ಹುಡುಕುವ ಕೆಲಸ. ಚಪ್ಪಟೆ ಮೈಗೆ ಪೆನ್ಸಿಲ್ ದಪ್ಪದ ಸಂದಿಯೇ ಹೆಬ್ಬಾಗಿಲು. ರಾತ್ರಿ ಒಳಗಿನ ಲೈಟು ಆರಿಸಿ, ಹೊರಗಿನಿಂದ ಒಬ್ಬರು ಬಾಗಿಲಂಚಿಗೆ ಟಾರ್ಚ್ ಬಿಟ್ಟರೆ ಒಳಗೆ ಬೆಳಕಿನ ಗೆರೆ ಎಲ್ಲಿ ಕಾಣುತ್ತದೋ ಅಲ್ಲಿದೆ ದಾರಿ. ಬಾಗಿಲಡಿಗೆ ಬ್ರಷ್ ಪಟ್ಟಿ, ಕೊಳಾಯಿ ಪೈಪು ಗೋಡೆ ತೂರುವಲ್ಲಿ ಸಿಲಿಕೋನ್, ಎಕ್ಸಾಸ್ಟ್ ಫ್ಯಾನಿಗೆ ಸಣ್ಣ ಕಣ್ಣಿನ ಜಾಲರಿ. ಬಾಗಿಲಾಚೆಯ ಬಿಳಿ ದೀಪವನ್ನು ಹಳದಿಗೆ ಬದಲಿಸಿದರೆ ಹುಳ ಕಡಿಮೆ, ಹುಳ ತಿನ್ನಲು ಬರುವವರೂ ಕಡಿಮೆ. ಎಲ್ಲಕ್ಕಿಂತ ಮುಖ್ಯ, ಸಿಂಕಿನಡಿಯ ಜಿರಳೆಗಳು. ಅವಕ್ಕೆ ಜೆಲ್ ಹಾಕದೆ ಜೇಡ ಓಡಿಸುತ್ತಾ ಕೂತರೆ, ಅಡುಗೆಯವನನ್ನು ಉಳಿಸಿಕೊಂಡು ಉಣ್ಣುವವನನ್ನು ಕಳಿಸಿದ ಹಾಗೆ.

ಇಷ್ಟಾದ ಮೇಲೂ ಒಂದು ದಿನ ರಟ್ಟಿನ ಪೆಟ್ಟಿಗೆ ಸರಿಸಿದಾಗ ಹಿಂದೆ ಅದೇ ಜೇಡ ಕಂಡೀತು, ಕಾಲು ಚಾಚಿ, ಅಲುಗದೆ. ಕಡ್ಡಿಯಿಂದ ಮುಟ್ಟಿ ನೋಡಿ. ಹಗುರಾಗಿ ತೂಗಿದರೆ, ಎದೆಯ ಮೇಲಿನ ಚಿಪ್ಪು ಡಬ್ಬಿಯ ಮುಚ್ಚಳದಂತೆ ತೆರೆದುಕೊಂಡಿದ್ದರೆ, ಒಳಗೆ ಯಾರೂ ಇಲ್ಲ, ಅದು ಕಳಚಿದ ಪೊರೆ. ಬಿಟ್ಟು ಹೋದ ಜೇಡ ಈಗ ಇದಕ್ಕಿಂತ ಒಂದು ಸುತ್ತು ದೊಡ್ಡದು, ದೊಡ್ಡ ಡಬ್ಬಿಯನ್ನು ಕೈಗೆಟುಕುವಲ್ಲಿ ಇಟ್ಟುಕೊಳ್ಳಿ.