ಮಗಳ ಫೋನಿಗೆ ಏನೇನು ಹಾಕಿದ್ದೇನೆ, ಏನು ಹಾಕಿಲ್ಲ

ಗೆಳತಿಯರು ಆಗಾಗ ಕೇಳುತ್ತಿರುತ್ತಾರೆ: "ಮಕ್ಕಳ ಫೋನ್ ಮೇಲೆ ಕಣ್ಣಿಡೋಕೆ ಯಾವ ಆಪ್ ಹಾಕಿದೀಯಾ?" ನಾನು ಶುರು ಮಾಡಿದ್ದು ಆಪ್‌ನಿಂದ ಅಲ್ಲ, ರೂಟರ್‌ನಿಂದ, ಅಂದರೆ ಮನೆಗೆ ವೈಫೈ ಕೊಡೋ ಡಬ್ಬಿಯಿಂದ.

ರೂಟರ್ ಸೆಟ್ಟಿಂಗ್ಸ್‌ನಲ್ಲಿ ಡಿಎನ್‌ಎಸ್ ಅಂತ ಒಂದು ಖಾನೆ ಇರುತ್ತದೆ. ಅಲ್ಲಿ 1.1.1.3 ಹಾಕಿದ್ದೇನೆ. ಕ್ಲೌಡ್‌ಫ್ಲೇರ್ ಅನ್ನೋ ಇಂಟರ್ನೆಟ್ ಕಂಪನಿಯವರು 2020ರಲ್ಲಿ ಮನೆಮಂದಿಗೆಂದೇ ಶುರು ಮಾಡಿದ ಉಚಿತ ಸೇವೆ ಇದು. ಸೈಟ್ ತೆರೆಯುವ ಮುಂಚೆ ಫೋನ್ ಅದರ ವಿಳಾಸ ಕೇಳುತ್ತದಲ್ವಾ, ಅಶ್ಲೀಲ ಸೈಟ್ ಅಂತ ಗೊತ್ತಿದ್ದರೆ ಇದು ವಿಳಾಸ ಕೊಡೋದೇ ಇಲ್ಲ. ಎರಡನೇ ಖಾನೆಗೆ 1.0.0.3 ಹಾಕಿ. ಅಲ್ಲಿ ಹಳೇ ವಿಳಾಸ ಉಳಿದರೆ ಫಿಲ್ಟರ್ ಇದ್ದೂ ಇಲ್ಲದ ಹಾಗೆ.

ಆದರೆ ಇದಕ್ಕೆ ಕಾಣೋದು ಸೈಟಿನ ಹೆಸರು ಮಾತ್ರ. ಯೂಟ್ಯೂಬ್ ಒಳಗೆ ಏನು ಓಡುತ್ತಿದೆ ಅಂತ ತಿಳಿಯಲ್ಲ. ಮೊಬೈಲ್ ಡೇಟಾ ಆನ್ ಮಾಡಿದರಂತೂ ರೂಟರ್‌ನ ಲೆಕ್ಕಕ್ಕೇ ಬರಲ್ಲ.

ರಾತ್ರಿ ಮಗಳ ಫೋನಿಗೆ ನೆಟ್ ನಿಲ್ಲುವ ಹಾಗೆ ರೂಟರ್‌ನಲ್ಲೇ ಸಮಯವನ್ನೂ ಕಟ್ಟಿದ್ದೆ. ಒಂದು ದಿನ ನೋಡಿದರೆ ಹೊದಿಕೆಯೊಳಗೆ ಬೆಳಕು! ರೂಟರ್ ಪಟ್ಟಿಯಲ್ಲಿ ಹೆಸರಿಲ್ಲದ ಒಂದು ಫೋನ್ ಹೊಸದಾಗಿ ಸೇರಿತ್ತು. ಈಗಿನ ಫೋನ್‌ಗಳು ವೈಫೈಗೆ ತಮ್ಮ ನಿಜವಾದ ಮ್ಯಾಕ್ ವಿಳಾಸದ (ರೂಟರ್ ಫೋನನ್ನು ಗುರುತು ಹಿಡಿಯೋ ಸಂಖ್ಯೆ) ಬದಲು ಇನ್ನೊಂದು ವಿಳಾಸ ಹೇಳಬಲ್ಲವು. ಅವಳು ಆ ಸೆಟ್ಟಿಂಗ್ ಬದಲಿಸಿದ್ದಳು, ರೂಟರ್ ಬೇರೆ ಯಾರೋ ಬಂದರು ಅಂದುಕೊಂಡಿತ್ತು. "ಯಾರೇ ಹೇಳಿಕೊಟ್ಟಿದ್ದು?" ಅಂದೆ. "ಯಾರೂ ಇಲ್ಲಮ್ಮ, ಸುಮ್ನೆ ಸೆಟ್ಟಿಂಗ್ಸ್ ನೋಡ್ತಾ ಇದ್ದೆ." ಬೈಯಬೇಕಿತ್ತು, ನಗು ಬಂತು.

ಆಮೇಲೆ ಸಮಯದ ಲಾಕನ್ನು ಫೋನಿಗೇ ತಂದೆ, ಅಪ್ಪ ಅಮ್ಮಂದಿರಿಗೆಂದೇ ಇರುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಆಪ್ ಮೂಲಕ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹಾಕಿದೆ. ಯಾವ ಆಪ್ ಎಷ್ಟು ಹೊತ್ತು ಬಳಸಿದಳು, ಫೋನ್ ಎಲ್ಲಿದೆ ಅನ್ನೋದು ನನಗೆ ಕಾಣುತ್ತದೆ, ಮೆಸೇಜ್ ಕಾಣಲ್ಲ ಅಂತ ನನ್ನ ಫೋನಲ್ಲೇ ತೋರಿಸಿದೆ. "ನಿಜವಾಗ್ಲೂ ಮೆಸೇಜ್ ಕಾಣಲ್ವಾ?" ಅಂತ ಮತ್ತೆ ಮತ್ತೆ ಕೇಳಿದಳು. ಅವಳಿಗೆ ಬೇಕಿದ್ದದ್ದು ಅಷ್ಟೇ ಉತ್ತರ.

ಮೆಸೇಜ್ ಓದುವ ಆಪ್‌ಗಳೂ ಸಿಗುತ್ತವೆ. ನಾನು ಹಾಕಲ್ಲ. ಆ ಮಾತುಕತೆಯಲ್ಲಿ ಬೇರೆಯವರ ಮಕ್ಕಳೂ ಇರುತ್ತಾರೆ, ಅವರ ಕಷ್ಟಸುಖ ಕದ್ದು ಓದೋಕೆ ನಾನ್ಯಾರು?

ಬಗೆಹರಿಯದೆ ಉಳಿದಿರೋದು ಶಾರ್ಟ್ಸ್, ಯೂಟ್ಯೂಬ್‌ನ ಪುಟ್ಟ ವಿಡಿಯೋಗಳು. ದೊಡ್ಡವರ ವಿಡಿಯೋಗಳನ್ನು ಮರೆಮಾಡುವ ರಿಸ್ಟ್ರಿಕ್ಟೆಡ್ ಮೋಡ್ ಹಾಕಿದರೂ ಅವು ಹೋಗಲ್ಲ. ಯೂಟ್ಯೂಬನ್ನೇ ತೆಗೆಯೋಣ ಅಂದರೆ ಗಣಿತದ ಪಾಠ ನೋಡೋದೂ ಅಲ್ಲೇ. ಸದ್ಯಕ್ಕೆ ಯೂಟ್ಯೂಬ್‌ಗೆ ದಿನಕ್ಕೆ ಇಷ್ಟೇ ಹೊತ್ತು ಅಂತ ಕಟ್ಟಿದ್ದೇನೆ. ಪಾಠ ಮುಗಿದಿಲ್ಲ ಅಂತ ಬಂದರೆ ಜಾಸ್ತಿ ಕೊಡುತ್ತೇನೆ, ಯಾವ ಪಾಠ ಅಂತ ತೋರಿಸಬೇಕು.